ಕೇಳಿದಾಗ ಮಾತ್ರ ಉತ್ತರಿಸುವ ಬೋರ್ಡು



ಕೃಷ್ಣಗಿರಿ ಎಂದರೆ ಮಾವು, ಹೊಸೂರು ಎಂದರೆ ಗುಲಾಬಿ ಮತ್ತು ತರಕಾರಿ ಎಂಬ ಮಾತು ಇಂದಿಗೂ ಸುಳ್ಳಾಗಿಲ್ಲ. ಆದರೆ ಸಿಪ್‌ಕಾಟ್ ಕೈಗಾರಿಕಾ ಪ್ರದೇಶ ಬಂದ ಮೇಲೆ ಈ ಗಡಿ ಊರಿನ ಚಹರೆಯೇ ಬದಲಾಯಿತು. 1980ರಲ್ಲಿ ಹೊಸೂರಿನಿಂದ ಟಿವಿಎಸ್ ಮೊಪೆಡ್ ಹೊರಟಿತು. ಅದೇ ದಶಕದಲ್ಲಿ ಟೈಟಾನ್ ಕೈಗಡಿಯಾರ ಬಂದಿತು. 2021ರಲ್ಲಿ ಏಥರ್ ಸಂಸ್ಥೆಯ ವಿದ್ಯುತ್ ಸ್ಕೂಟರ್ ಕಾರ್ಖಾನೆ ಹೊಸೂರಿನಲ್ಲಿಯೂ, ಓಲಾ ಸಂಸ್ಥೆಯದು ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿ ಕಡೆಯೂ ಆರಂಭವಾದವು.

ಈ ಕಾರ್ಖಾನೆಗಳ ಆಸುಪಾಸಿನಲ್ಲಿ ಬಟ್ಟೆ, ಕಿರಾಣಿ, ಪಾತ್ರೆ, ಹಾರ್ಡ್‌ವೇರ್ ಮಳಿಗೆಗಳನ್ನು ನಡೆಸುತ್ತಿರುವ ನಮ್ಮ ಮನೆಗಳಿಗೆ ಈಗ ಒಂದು ಹೊಸ ವಸ್ತು ಪ್ರವೇಶಿಸಿದೆ. ಇಂಜಿನಿಯರಿಂಗ್, ಡಿಪ್ಲೊಮಾ ಓದುವ ಮಕ್ಕಳು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ತರುವ, ಅಂಗೈಗಿಂತ ಚಿಕ್ಕದಾದ ನೀಲಿ ಬೋರ್ಡು ಅದು. ಮೈಕ್ರೊಕಂಟ್ರೋಲರ್ ಬೋರ್ಡು ಎಂದು ಅದಕ್ಕೆ ಹೆಸರು. 2005ರಲ್ಲಿ ಇಟಲಿಯ ಇವ್ರೇಯಾ ಎಂಬ ಊರಿನಲ್ಲಿ ಹುಟ್ಟಿದ ಆರ್ಡುಯಿನೊ ಈ ಜಾತಿಯಲ್ಲಿ ಹೆಚ್ಚು ಪರಿಚಿತವಾದದ್ದು. ಮಕ್ಕಳು ಮೊದಲು ಅದರಿಂದ ಒಂದು ದೀಪ ಮಿನುಗಿಸುತ್ತಾರೆ. ಹಿರಿಯರು ನೋಡಿ, "ಇದರಿಂದ ಅಂಗಡಿಗೇನು ಪ್ರಯೋಜನ?" ಎನ್ನುತ್ತಾರೆ.

ಪ್ರಶ್ನೆ ನ್ಯಾಯವಾದದ್ದೇ. ಅದಕ್ಕೆ ಉತ್ತರವಾಗಿ ಈ ತಿಂಗಳು ಒಂದೇ ವಿಷಯವನ್ನು ತೆಗೆದುಕೊಳ್ಳೋಣ. ಅಂತಹ ಒಂದು ಬೋರ್ಡನ್ನು ಇನ್ನೊಂದು ಯಂತ್ರದ ಕೈಕೆಳಗೆ, ಕೇಳಿದಾಗ ಲೆಕ್ಕ ಒಪ್ಪಿಸುವ ಅಂಗವಾಗಿ ದುಡಿಸುವುದು ಹೇಗೆ? ಅಳತೆ, ತೂಕ, ಲೆಕ್ಕ ಇವೇ ಕಸುಬಾಗಿರುವ ನಮ್ಮಂಥವರಿಗೆ ಈ ವಿದ್ಯೆ ಪರಕೀಯವೇನಲ್ಲ ಎಂಬುದು ಓದುತ್ತಾ ಹೋದಂತೆ ತಿಳಿಯುತ್ತದೆ.

ಗಲ್ಲಾ ಮತ್ತು ಗೋದಾಮು

ಒಂದು ದೊಡ್ಡ ಕಿರಾಣಿ ಮಳಿಗೆಯನ್ನು ಕಲ್ಪಿಸಿಕೊಳ್ಳಿ. ಗಲ್ಲಾದ ಮುಂದೆ ಯಜಮಾನರು ಕುಳಿತಿದ್ದಾರೆ. ಹಿಂದಿನ ಗೋದಾಮಿನಲ್ಲಿ ಅಕ್ಕಿಗೊಬ್ಬ, ಬೇಳೆಗೊಬ್ಬ, ಎಣ್ಣೆಗೊಬ್ಬ ಆಳು. ನಾಲ್ವರೂ ಒಟ್ಟಿಗೆ ಕೂಗತೊಡಗಿದರೆ ಯಾರ ಮಾತೂ ಕೇಳಿಸದು. ಆದ್ದರಿಂದ ಒಂದು ಪದ್ಧತಿ: ಯಜಮಾನರು ಹೆಸರು ಹಿಡಿದು ಕರೆಯಬೇಕು. ಕರೆಸಿಕೊಂಡವನು ಮಾತ್ರ, ಕೇಳಿದ್ದಕ್ಕೆ ಮಾತ್ರ ಉತ್ತರಿಸಬೇಕು. ಉಳಿದವರು ಸುಮ್ಮನಿರಬೇಕು.

ಸೀರಿಯಲ್ ಬಸ್ ಎಂದರೆ ಇಷ್ಟೇ. ಹಲವು ಚಿಪ್‌ಗಳು ಒಂದೇ ಜೊತೆ ತಂತಿಯನ್ನು ಹಂಚಿಕೊಂಡು, ಅಂಕಿಗಳನ್ನು ಒಂದರ ಹಿಂದೊಂದರಂತೆ ಸಾಲಾಗಿ ಕಳಿಸುವ ವ್ಯವಸ್ಥೆ. ಇವುಗಳಲ್ಲಿ ಮಕ್ಕಳು ಹೆಚ್ಚಾಗಿ ಕಲಿಯುವುದು ಐ-ಸ್ಕ್ವೇರ್-ಸಿ ಎಂಬುದನ್ನು. ಫಿಲಿಪ್ಸ್ ಕಂಪನಿ 1982ರಲ್ಲಿ ಇದನ್ನು ರೂಪಿಸಿತು. ಟಿ.ವಿ. ಪೆಟ್ಟಿಗೆಯೊಳಗಿನ ಚಿಪ್‌ಗಳ ನಡುವೆ ಹತ್ತಾರು ತಂತಿ ಎಳೆಯುವ ಬದಲು ಎರಡರಲ್ಲೇ ಕೆಲಸ ಮುಗಿಯಲಿ ಎಂಬುದು ಉದ್ದೇಶ.

ಎರಡು ತಂತಿಗಳಲ್ಲಿ ಒಂದು ತಾಳ ಹಾಕುತ್ತದೆ, ಇನ್ನೊಂದು ಮಾತು ಸಾಗಿಸುತ್ತದೆ. ತಾಳದ ತಂತಿಗೆ ಎಸ್‌ಸಿಎಲ್, ಮಾತಿನ ತಂತಿಗೆ ಎಸ್‌ಡಿಎ ಎಂದು ಹೆಸರು. ತಾಳ ಹಾಕುವವನು ಯಜಮಾನ. ಪ್ರತಿ ಅಂಗಕ್ಕೂ ಒಂದು ಸಂಖ್ಯೆ, ಅದೇ ಅದರ ವಿಳಾಸ. 0ರಿಂದ 127ರವರೆಗಿನ ಸಂಖ್ಯೆಗಳಲ್ಲಿ ಮೊದಲ ಎಂಟು ಮತ್ತು ಕೊನೆಯ ಎಂಟನ್ನು ಬೇರೆ ಕೆಲಸಗಳಿಗೆ ಕಾದಿರಿಸಿದ್ದಾರೆ. ನಮ್ಮ ಬಳಕೆಗೆ ಉಳಿಯುವುದು 112.

ಹಳೆಯ ಪುಸ್ತಕಗಳಲ್ಲಿ ಈ ಇಬ್ಬರನ್ನು ಮಾಸ್ಟರ್, ಸ್ಲೇವ್ ಎಂದು ಕರೆದಿರುತ್ತಾರೆ. ಫಿಲಿಪ್ಸ್‌ನ ಚಿಪ್ ವಿಭಾಗದಿಂದ ಹುಟ್ಟಿದ ಎನ್‌ಎಕ್ಸ್‌ಪಿ ಕಂಪನಿಯು 2021ರಲ್ಲಿ ಆ ಹೆಸರುಗಳನ್ನು ಕೈಬಿಟ್ಟು ಕಂಟ್ರೋಲರ್, ಟಾರ್ಗೆಟ್ ಎಂಬ ಪದಗಳನ್ನು ತಂದಿತು. ಗುಲಾಮನೆಂಬ ಮಾತು ಹೋದದ್ದು ಒಳ್ಳೆಯದೇ ಆಯಿತು. ನಾವಿಲ್ಲಿ ಸರಳವಾಗಿ ಕೇಳುವ ಬೋರ್ಡು, ಉತ್ತರಿಸುವ ಬೋರ್ಡು ಎನ್ನೋಣ.

ಸ್ಕೂಟರಿನೊಳಗೆ ಬೇರೆ ಪದ್ಧತಿ

ಹೊಸೂರಿನ ಸ್ಕೂಟರುಗಳಲ್ಲಿಯೂ ಇದೇ ಇದೆಯೇ ಎಂದು ಕೇಳಬಹುದು. ವಿದ್ಯುತ್ ಸ್ಕೂಟರಿನಲ್ಲಿ ಬ್ಯಾಟರಿಗೆ ಒಂದು, ಮೋಟಾರಿಗೆ ಒಂದು, ಮುಂದಿನ ಪರದೆಗೆ ಒಂದು ಎಂದು ಹಲವು ಪುಟ್ಟ ಕಂಪ್ಯೂಟರುಗಳು ಇರುತ್ತವೆ. ವಾಹನಗಳಲ್ಲಿ ಇವುಗಳ ನಡುವಿನ ಮಾತುಕತೆಗೆ ಹೆಚ್ಚಾಗಿ ಬಳಸುವುದು ಬಾಷ್ ಕಂಪನಿ 1986ರಲ್ಲಿ ಪ್ರಕಟಿಸಿದ ಕ್ಯಾನ್ ಎಂಬ ಪದ್ಧತಿ. ಅಲ್ಲಿ ಕರೆಯುವ ಯಜಮಾನನಿಲ್ಲ. ಯಾರಿಗೆ ಸುದ್ದಿ ಇದೆಯೋ ಅವರು ಹೇಳುತ್ತಾರೆ, ಬೇಕಾದವರು ಕೇಳಿಸಿಕೊಳ್ಳುತ್ತಾರೆ. ಇಬ್ಬರು ಒಟ್ಟಿಗೆ ಬಾಯಿ ತೆರೆದರೆ ಚಿಕ್ಕ ಸಂಖ್ಯೆಯ ಸುದ್ದಿಗೆ ದಾರಿ ಬಿಟ್ಟು ಇನ್ನೊಬ್ಬ ಸುಮ್ಮನಾಗುತ್ತಾನೆ. ಆದರೆ ಕಾರಿನ ಕಿಟಕಿ ಏರಿಸುವ, ಕನ್ನಡಿ ತಿರುಗಿಸುವಂತಹ ಸಣ್ಣ ಕೆಲಸಗಳಿಗೆ ಬಳಸುವ ಲಿನ್ ಎಂಬ ಒಂಟಿ ತಂತಿಯ ಬಸ್ಸಿನಲ್ಲಿ ಮತ್ತೆ ಅದೇ ಗಲ್ಲಾ-ಗೋದಾಮಿನ ಪದ್ಧತಿ. ಒಬ್ಬ ಕೇಳಬೇಕು, ಉಳಿದವರು ಉತ್ತರಿಸಬೇಕು. ಆದ್ದರಿಂದ ಈ ಕಡೆಯ ಕಾರ್ಖಾನೆಗಳಲ್ಲಿ ಕೆಲಸ ಮಾಡಬಯಸುವ ಮಕ್ಕಳು ಎರಡನ್ನೂ ತಿಳಿದಿರಬೇಕು. ಮೊದಲ ಮೆಟ್ಟಿಲು ಕೇಳಿ-ಉತ್ತರಿಸುವುದು.

ಬೋರ್ಡೇ ಅಂಗವಾಗುವುದು ಏಕೆ?

ಉಷ್ಣತೆ ಅಳೆಯುವ, ಗಂಟೆ ತೋರಿಸುವ ಸಿದ್ಧ ಚಿಪ್‌ಗಳು ಅಂಗಡಿಯಲ್ಲಿ ಸಿಗುತ್ತವೆ. ಅವೆಲ್ಲ ಹುಟ್ಟಾ ಉತ್ತರಿಸುವ ಅಂಗಗಳೇ. ಆದರೆ ನಮಗೆ ಬೇಕಾದದ್ದು ಸಿದ್ಧವಾಗಿ ಸಿಗದಿದ್ದಾಗ ಬೋರ್ಡನ್ನೇ ಅಂತಹ ಅಂಗವಾಗಿ ಮಾಡಿಕೊಳ್ಳಬೇಕಾಗುತ್ತದೆ. ಗೋದಾಮಿನ ಮೂಟೆಯ ತೂಕ ಗಮನಿಸುವ ಕೆಲಸವನ್ನೇ ತೆಗೆದುಕೊಳ್ಳಿ. ತಟ್ಟೆಯ ಕೆಳಗೆ ಭಾರಕ್ಕೆ ಸ್ಪಂದಿಸುವ ಲೋಡ್ ಸೆಲ್, ಅದರ ಸೂಕ್ಷ್ಮ ವ್ಯತ್ಯಾಸವನ್ನು ಅಂಕಿಯಾಗಿ ಮಾಡುವ ಎಚ್‌ಎಕ್ಸ್-711 ಚಿಪ್. ಈ ಚಿಪ್ಪು ಸಾಮಾನ್ಯ ಜೋಡಣೆಯಲ್ಲಿ ಸೆಕೆಂಡಿಗೆ 10 ಸಲ ಅಂಕಿ ಕೊಡುತ್ತದೆ. ತಟ್ಟೆ ಅಲುಗಿದಾಗ ಅಂಕಿಯೂ ಅಲುಗುತ್ತದೆ. ಹತ್ತಾರು ಅಂಕಿಗಳ ಸರಾಸರಿ ಹಿಡಿಯಬೇಕು, ಖಾಲಿ ತಟ್ಟೆಯ ಭಾರ ಕಳೆಯಬೇಕು. ಬಿಲ್ಲು, ಸ್ಟಾಕು ನೋಡುತ್ತಿರುವ ದೊಡ್ಡ ಕಂಪ್ಯೂಟರಿಗೆ ಈ ಗೋಜು ಬೇಡ. ಪುಟ್ಟ ಬೋರ್ಡು ಸದಾ ತೂಗುತ್ತಿರಲಿ, ಕೇಳಿದಾಗ ಒಂದೇ ಅಂಕಿ ಒಪ್ಪಿಸಲಿ.

ಮಾಡುವ ವಿಧಾನ

ಅಭ್ಯಾಸಕ್ಕೆ ಎರಡು ಆರ್ಡುಯಿನೊ ಊನೊ ಬೋರ್ಡು ಸಾಕು. ಎರಡರ ಎ4 ಎಂಬ ತುದಿಗಳನ್ನು ಒಂದಕ್ಕೊಂದು ಸೇರಿಸಬೇಕು. ಇದು ಮಾತಿನ ತಂತಿ. ಎರಡರ ಎ5 ತುದಿಗಳನ್ನು ಸೇರಿಸಬೇಕು. ಇದು ತಾಳದ ತಂತಿ. ಮೂರನೆಯದಾಗಿ ಎರಡರ ಗ್ರೌಂಡ್ ತುದಿಗಳನ್ನು ಸೇರಿಸಲೇಬೇಕು. ಹೊಸಬರು ಮರೆಯುವುದು ಇದನ್ನೇ. ಎರಡೂ ತಂತಿಗಳಿಗೆ 5 ವೋಲ್ಟಿನಿಂದ 4.7 ಕಿಲೋ ಓಮ್‌ನ ಒಂದೊಂದು ರೆಸಿಸ್ಟರ್ ಕೊಡಬೇಕು. ಈ ಬಸ್ಸಿನಲ್ಲಿ ಯಾವ ಚಿಪ್ಪೂ ತಂತಿಯನ್ನು ಮೇಲೆತ್ತುವುದಿಲ್ಲ, ಕೆಳಗೆ ಎಳೆಯುತ್ತದೆ ಅಷ್ಟೆ. ಮೇಲಕ್ಕೆ ತರುವುದು ಈ ರೆಸಿಸ್ಟರುಗಳೇ. ಎಲ್ಲವೂ ಯುಎಸ್‌ಬಿಯಿಂದ ಬರುವ 5 ವೋಲ್ಟಿನ ಕೆಲಸವಾದ್ದರಿಂದ ಮಕ್ಕಳಿಗೆ ಶಾಕ್ ಹೊಡೆಯುವ ಭಯವಿಲ್ಲ. ಆದರೆ ರಾಸ್ಪ್‌ಬೆರಿ ಪೈನಂತಹ 3.3 ವೋಲ್ಟಿನ ಕಂಪ್ಯೂಟರಿಗೆ 5 ವೋಲ್ಟಿನ ತಂತಿಯನ್ನು ನೇರವಾಗಿ ತಾಗಿಸಬಾರದು. ನಡುವೆ ಮಟ್ಟ ಹೊಂದಿಸುವ ಪುಟ್ಟ ತುಂಡು ಹಾಕಬೇಕು.

ಪ್ರೋಗ್ರಾಮಿನಲ್ಲಿ ವೈರ್ ಎಂಬ ಲೈಬ್ರರಿ ಬಳಸುತ್ತಾರೆ. ಬಿಗಿನ್ ಎಂಬ ಆಜ್ಞೆಯನ್ನು ಖಾಲಿ ಆವರಣದೊಂದಿಗೆ ಬರೆದರೆ ಬೋರ್ಡು ಕೇಳುವವನಾಗುತ್ತದೆ. ಆವರಣದೊಳಗೆ 8 ಎಂದು ಬರೆದರೆ 8ನೇ ವಿಳಾಸದಲ್ಲಿ ಉತ್ತರಿಸುವವನಾಗುತ್ತದೆ. ಒಂದು ಅಂಕಿಯಿಂದ ಅದರ ಸ್ಥಾನವೇ ಬದಲಾಗುತ್ತದೆ! ಆಮೇಲೆ ಎರಡು ಏರ್ಪಾಡು ಮಾಡಿಡಬೇಕು. ಯಜಮಾನನಿಂದ ಅಪ್ಪಣೆ ಬಂದಾಗ ಏನು ಮಾಡಬೇಕೆಂಬುದು ಆನ್‌ರಿಸೀವ್. ಯಜಮಾನ ಲೆಕ್ಕ ಕೇಳಿದಾಗ ಏನು ಕೊಡಬೇಕೆಂಬುದು ಆನ್‌ರಿಕ್ವೆಸ್ಟ್. ಊನೊ ಬೋರ್ಡಿನಲ್ಲಿ ಈ ಲೈಬ್ರರಿ ಒಂದು ಸಲಕ್ಕೆ 32 ಬೈಟ್‌ವರೆಗೆ ಮಾತ್ರ ಸಾಗಿಸುತ್ತದೆ. ತೂಕಕ್ಕೆ ಅಷ್ಟು ಧಾರಾಳವಾಗಿ ಸಾಕು.

ಇಷ್ಟು ಮಾಡಿದರೆ ಒಂದು ಸಂಜೆಯಲ್ಲಿ ಅಂಕಿ ಬಂದೇ ಬರುತ್ತದೆ. ಬಂದ ಅಂಕಿಯನ್ನು ನಂಬಬಹುದೇ ಎಂಬುದು ಬೇರೆ ಪ್ರಶ್ನೆ. ವಿದ್ಯೆ ಇರುವುದು ಇಲ್ಲಿಂದ ಮುಂದೆ.

ಉತ್ತರಿಸುವವನ ಶಿಸ್ತು

ಮೊದಲನೆಯದು, ಉತ್ತರ ಮೊದಲೇ ಸಿದ್ಧವಿರಬೇಕು. ಕರೆ ಬಂದಾಗ ಬೋರ್ಡು ತಾನು ಮಾಡುತ್ತಿದ್ದ ಕೆಲಸವನ್ನು ನಡುವೆಯೇ ಬಿಟ್ಟು ಉತ್ತರ ಕೊಡಲು ಓಡುತ್ತದೆ. ಅಷ್ಟು ಹೊತ್ತೂ ಅದು ತಾಳದ ತಂತಿಯನ್ನು ಕೆಳಗೆ ಹಿಡಿದುಕೊಂಡು, ಸ್ವಲ್ಪ ತಡೆಯಿರಿ ಎಂದು ಯಜಮಾನನನ್ನು ಕಾಯಿಸುತ್ತದೆ. ಕರೆ ಬಂದ ಮೇಲೆ ತೂಗಲು ಹೊರಟರೆ ಎಚ್‌ಎಕ್ಸ್-711ರ ಒಂದು ಅಂಕಿಗೇ ಸೆಕೆಂಡಿನ ಹತ್ತನೇ ಒಂದು ಪಾಲು ಬೇಕು. ನಮಗದು ಕಣ್ಣುರೆಪ್ಪೆ ಬಡಿಯುವಷ್ಟು ಹೊತ್ತು. ಸೆಕೆಂಡಿಗೆ ಒಂದು ಲಕ್ಷ ತಾಳ ಹಾಕುವ ಬಸ್ಸಿಗೆ ಅದು ಹತ್ತು ಸಾವಿರ ತಾಳಗಳ ಕಾಯುವಿಕೆ. ಎಲ್ಲ ಯಜಮಾನರಿಗೂ ಆ ತಾಳ್ಮೆ ಇರುವುದಿಲ್ಲ. ಜೊತೆಗೆ ಅದೇ ತಂತಿಯ ಮೇಲಿರುವ ಇತರ ಅಂಗಗಳೂ ಸುಮ್ಮನೆ ನಿಲ್ಲಬೇಕಾಗುತ್ತದೆ. ಆದ್ದರಿಂದ ತೂಗುವ ಕೆಲಸ ಹಿಂದೆ ನಿರಂತರ ನಡೆಯುತ್ತಿರಬೇಕು. ಆನ್‌ರಿಕ್ವೆಸ್ಟ್‌ನಲ್ಲಿ ಸಿದ್ಧವಾಗಿಟ್ಟ ಅಂಕಿಯನ್ನು ಎತ್ತಿ ಕೊಡುವುದಷ್ಟೇ ಇರಬೇಕು. ಅಲ್ಲಿ ಡಿಲೇ ಎಂಬ ಆಜ್ಞೆಯನ್ನಾಗಲಿ, ಪರದೆಗೆ ಬರೆಯುವ ಆಜ್ಞೆಯನ್ನಾಗಲಿ ಹಾಕಬಾರದು.

ಎರಡನೆಯದು, ಅರ್ಧ ಬರೆದ ಲೆಕ್ಕವನ್ನು ತೋರಿಸಬಾರದು. ಇದು ಅತಿ ಸೂಕ್ಷ್ಮವಾದ ಸಂಗತಿ. ನಿಧಾನವಾಗಿ ಓದಬೇಕೆಂದು ಕೋರುತ್ತೇವೆ. ಒಂದು ಬೈಟ್‌ನಲ್ಲಿ 0ರಿಂದ 255ರವರೆಗೆ ಮಾತ್ರ ಹಿಡಿಸುತ್ತದೆ. ಅದಕ್ಕಿಂತ ದೊಡ್ಡ ಅಂಕಿಗೆ ಎರಡು ಮನೆ ಬೇಕು. ಮೇಲಿನ ಮನೆಯ ಒಂದಕ್ಕೆ 256ರ ಬೆಲೆ. ಹೀಗಾಗಿ 255 ಗ್ರಾಮನ್ನು (0, 255) ಎಂದೂ, 256 ಗ್ರಾಮನ್ನು (1, 0) ಎಂದೂ ಬರೆದಿಡುತ್ತದೆ. ಊನೊದ ಚಿಪ್ಪು ಒಂದು ಸಲಕ್ಕೆ ಒಂದೇ ಬೈಟ್ ಮುಟ್ಟುವಂಥದು. ತೂಕ 255ರಿಂದ 256ಕ್ಕೆ ಏರಿದಾಗ ಅದು ಮೇಲಿನ ಮನೆಯನ್ನು 1 ಎಂದು ತಿದ್ದಿ, ಕೆಳಗಿನದನ್ನು ತಿದ್ದುವ ಮೊದಲೇ ಕರೆ ಬಂತೆನ್ನಿ. ಆಗ ಹೊರಗೆ ಹೋಗುವ ಉತ್ತರ (1, 255), ಅಂದರೆ 511 ಗ್ರಾಂ! ರೂಪಾಯಿ ಕಾಲಂ ತಿದ್ದಿ ಪೈಸೆ ಕಾಲಂ ತಿದ್ದುವ ಮುನ್ನ ಯಾರೋ ಖಾತೆ ನೋಡಿ, 99 ಪೈಸೆಯ ಬದಲು 1 ರೂಪಾಯಿ 99 ಪೈಸೆ ಎಂದು ಓದಿದಂತೆ. ಸಾವಿರ ಸಲ ಸರಿಯಾಗಿ ಬಂದು ಒಂದು ಸಲ ತಪ್ಪುವ ಇಂತಹ ದೋಷವನ್ನು ಹುಡುಕುವುದು ಬಹಳ ಕಷ್ಟ. ಉಪಾಯ ಸುಲಭವಾಗಿದೆ. ಅಂಕಿ ಬದಲಿಸುವ ಆ ಒಂದು ಕ್ಷಣ ಕರೆಗಳನ್ನು ತಡೆಹಿಡಿಯುವ ನೊಇಂಟರಪ್ಟ್ಸ್ ಎಂಬ ಆಜ್ಞೆ ಹಾಕಿ, ಎರಡೂ ಮನೆ ತಿದ್ದಿದ ಮೇಲೆ ಇಂಟರಪ್ಟ್ಸ್ ಎಂದು ಬಾಗಿಲು ತೆರೆಯುವುದು.

ಮೂರನೆಯದು, ಹಳೆಯ ಲೆಕ್ಕವನ್ನು ಹೊಸದೆಂದು ಕೊಡಬಾರದು. ಲೋಡ್ ಸೆಲ್ಲಿನ ತಂತಿ ಕಿತ್ತುಹೋದರೂ ಬೋರ್ಡು ತನ್ನಲ್ಲಿ ಉಳಿದ ಕೊನೆಯ ಅಂಕಿಯನ್ನೇ ದಿನವಿಡೀ ಒಪ್ಪಿಸುತ್ತಿರಬಲ್ಲದು. ಇದಕ್ಕಾಗಿ ತೂಕದ ಜೊತೆ ಒಂದು ಎಣಿಕೆಯನ್ನೂ ಕಳಿಸಬೇಕು. ಹೊಸದಾಗಿ ತೂಗಿದಾಗಲೆಲ್ಲ ಅದು ಒಂದು ಏರಬೇಕು. ಎಣಿಕೆ ನಿಂತಿತೆಂದರೆ ತೂಕ ಹಳಸಿದೆ ಎಂದು ಯಜಮಾನನಿಗೆ ತಿಳಿಯುತ್ತದೆ. ಇನ್ನೂ ಸಿದ್ಧವಿಲ್ಲ ಎಂದು ಹೇಳುವುದಕ್ಕೂ ಒಂದು ಗುರುತು ಇಟ್ಟುಕೊಳ್ಳಬೇಕು. ಈ ಬಸ್ಸಿನಲ್ಲಿ ಯಾರೂ ಎಳೆಯದ ತಂತಿ ಮೇಲೆಯೇ ನಿಲ್ಲುವುದರಿಂದ, ಬೋರ್ಡು ಕೊಟ್ಟದ್ದಕ್ಕಿಂತ ಹೆಚ್ಚು ಬೈಟ್ ಕೇಳಿದರೆ ಉಳಿದ ಮನೆಗಳಲ್ಲಿ 255 ಎಂದೇ ಕಾಣುತ್ತದೆ. ಯಾರೂ ಹೇಳದ ಮಾತನ್ನು 255 ಗ್ರಾಂ ಎಂದು ಜಮಾ ಮಾಡಿಕೊಳ್ಳಬಾರದಷ್ಟೆ.

ನಾಲ್ಕನೆಯದು, ದಾರಿಗೆ ಅಡ್ಡ ನಿಲ್ಲಬಾರದು. ಮಾತಿನ ನಡುವೆ ಯಜಮಾನನ ಕರೆಂಟು ಹೋಗಿ ಬಂದರೆ, ಉತ್ತರಿಸುತ್ತಿದ್ದ ಅಂಗ ಮಾತಿನ ತಂತಿಯನ್ನು ಕೆಳಗೆ ಹಿಡಿದುಕೊಂಡೇ ಉಳಿಯುವುದುಂಟು. ಆಗ ಇಡೀ ಬಸ್ಸು ಮೂಕವಾಗುತ್ತದೆ. ಯಜಮಾನ ತಾಳದ ತಂತಿಯನ್ನು ಒಂಬತ್ತು ಸಲ ಬಡಿದರೆ ಅದು ಅರ್ಧಕ್ಕೆ ನಿಂತ ಮಾತನ್ನು ಮುಗಿಸಿ ತಂತಿ ಬಿಡುತ್ತದೆ ಎಂಬುದು ಈ ಬಸ್ಸಿನ ನಿಯಮಾವಳಿಯಲ್ಲೇ ಹೇಳಿರುವ ಪರಿಹಾರ. ಒಂದೇ ವಿಳಾಸವನ್ನು ಇಬ್ಬರಿಗೆ ಕೊಡುವುದೂ ಇಂತಹುದೇ ತೊಂದರೆ. ಕರೆದಾಗ ಇಬ್ಬರೂ ಓಗೊಡುತ್ತಾರೆ, ಎರಡು ಉತ್ತರ ಬೆರೆತು ಮೂರನೆಯ ಅಂಕಿಯೊಂದು ಹುಟ್ಟುತ್ತದೆ.

ಗೋದಾಮು ದೂರವಿದ್ದರೆ

ಐ-ಸ್ಕ್ವೇರ್-ಸಿ ಒಂದೇ ಪೆಟ್ಟಿಗೆಯೊಳಗಿನ ಮಾತುಕತೆಗೆ ಆದದ್ದು. ತಂತಿ ಉದ್ದವಾದಷ್ಟೂ ಸಂಕೇತ ಮಸುಕಾಗುತ್ತದೆ. ಅಂಗಡಿಯಿಂದ ಹಿತ್ತಲಿನ ಗೋದಾಮಿಗೆ, ಮಾವಿನ ಮಂಡಿಯ ಒಂದು ತುದಿಯಿಂದ ಇನ್ನೊಂದಕ್ಕೆ ಎಳೆಯಲು ಅದು ತಕ್ಕದ್ದಲ್ಲ. ಅಲ್ಲಿಗೆ ಆರ್‌ಎಸ್-485 ಎಂಬ ಪದ್ಧತಿ ಇದೆ. ಹೆಣೆದ ಜೋಡಿ ತಂತಿಯಲ್ಲಿ ಕಡಿಮೆ ವೇಗದಲ್ಲಿ ಸುಮಾರು 1200 ಮೀಟರುವರೆಗೂ ಮಾತು ಸಾಗಿಸುತ್ತದೆ. ಅದರ ಮೇಲೆ ಆಡುವ ಭಾಷೆ ಹೆಚ್ಚಾಗಿ ಮಾಡ್‌ಬಸ್. ಮಾಡಿಕಾನ್ ಕಂಪನಿ 1979ರಲ್ಲಿ ತಂದ ಈ ಭಾಷೆ ಕಾರ್ಖಾನೆಗಳಲ್ಲಿ ಇಂದಿಗೂ ಚಾಲ್ತಿಯಲ್ಲಿದೆ. ವಿಳಾಸಗಳು 1ರಿಂದ 247ರವರೆಗೆ. ಪ್ರತಿ ಮಾತಿನ ಕೊನೆಗೂ ಸಿಆರ್‌ಸಿ ಎಂಬ ತಾಳೆ ಅಂಕಿ ಇರುತ್ತದೆ. ದಾರಿಯಲ್ಲಿ ಅಕ್ಷರ ಕೆಟ್ಟಿದ್ದರೆ ತಾಳೆಯಾಗದೆ ಗೊತ್ತಾಗುತ್ತದೆ. ಮೇಜಿನ ಮೇಲೆ ಎರಡು ಬೋರ್ಡಿನಿಂದ ಕಲಿತ ಶಿಸ್ತೆಲ್ಲ ಇಲ್ಲಿಗೂ ಅನ್ವಯಿಸುತ್ತದೆ.

ತಾಳೆಯಾದದ್ದೆಲ್ಲ ಸತ್ಯವೇ?

ಈಗ ಮುಖ್ಯ ಮಾತಿಗೆ ಬರೋಣ. ಐ-ಸ್ಕ್ವೇರ್-ಸಿಯಲ್ಲಿ ಪ್ರತಿ ಎಂಟು ಬಿಟ್‌ಗಳ ನಂತರ ಒಂಬತ್ತನೆಯದಾಗಿ ಒಂದು ರಸೀದಿ ಇದೆ. ಮಾತು ಮುಟ್ಟಿತು ಎಂಬ ರಸೀದಿ ಅದು, ಮಾತು ನಿಜವೆಂಬ ರಸೀದಿಯಲ್ಲ. ಮಾಡ್‌ಬಸ್ಸಿನ ಸಿಆರ್‌ಸಿಯೂ ಅಷ್ಟೆ. ಕಳಿಸಿದ ಅಂಕಿ ಹಾಗೆಯೇ ಬಂದಿತು ಎನ್ನುತ್ತದೆಯೇ ಹೊರತು, ಕಳಿಸಿದವನು ಸರಿಯಾಗಿ ತೂಗಿದನೇ ಎಂದು ನೋಡುವುದಿಲ್ಲ. 950 ಗ್ರಾಮನ್ನು 1000 ಎಂದು ಉತ್ತರಿಸುವಂತೆ ಪ್ರೋಗ್ರಾಮ್ ಬರೆದರೆ ಬಸ್ಸು ಆ ಸುಳ್ಳನ್ನೂ ಅಷ್ಟೇ ನಿಷ್ಠೆಯಿಂದ ತಲುಪಿಸುತ್ತದೆ. ಗಲ್ಲಾದಲ್ಲಿರುವ ಕಂಪ್ಯೂಟರು ಅದನ್ನೇ ಬಿಲ್ಲಿನಲ್ಲಿ ಮುದ್ರಿಸುತ್ತದೆ. ತಕ್ಕಡಿಯ ಮುಳ್ಳು ಗಿರಾಕಿಯ ಕಣ್ಣೆದುರಿಗಿತ್ತು. ಬೋರ್ಡಿನ ಒಳಗಿನ ಸಾಲು ಯಾರ ಕಣ್ಣಿಗೂ ಬೀಳದು.

ಇದು ಬರಿಯ ಊಹೆಯಲ್ಲ. 2017ರ ಏಪ್ರಿಲ್‌ನಲ್ಲಿ ಉತ್ತರ ಪ್ರದೇಶದ ವಿಶೇಷ ಕಾರ್ಯಪಡೆ ಲಖನೌದ ಪೆಟ್ರೋಲ್ ಬಂಕುಗಳ ಮೇಲೆ ದಾಳಿ ನಡೆಸಿದಾಗ, ಪಂಪುಗಳ ಒಳಗೆ ಸೇರಿಸಿದ್ದ ಪುಟ್ಟ ಚಿಪ್‌ಗಳು ಸಿಕ್ಕವು. ರಿಮೋಟಿನಿಂದ ಅವನ್ನು ನಡೆಸುತ್ತಿದ್ದರು. ಮೀಟರು ತೋರಿಸಿದ್ದಕ್ಕಿಂತ ಕಡಿಮೆ ಎಣ್ಣೆ ಗಿರಾಕಿಗೆ ಸಿಗುತ್ತಿತ್ತು. ಮಕ್ಕಳು ಮೇಜಿನ ಮೇಲೆ ಕಲಿಯುತ್ತಿರುವ ವಿದ್ಯೆಯ ಇನ್ನೊಂದು ಮುಖ ಅದು.

ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಅಳತೆ-ತೂಕದ ಹೆಚ್ಚುಕಡಿಮೆಯೂ ಒಂದೆಂಬುದನ್ನು ನಮ್ಮ ವಾಚಕರಿಗೆ ಬೇರೆ ಹೇಳಬೇಕಾಗಿಲ್ಲ. ಸೇರು, ಪಾವು, ತಕ್ಕಡಿಯ ಕಾಲದಲ್ಲಿ ಅದನ್ನು ಪಾಲಿಸುವ ಹೊಣೆ ತೂಗುವ ಕೈಯದಾಗಿತ್ತು. ಇಂದು ಪ್ರೋಗ್ರಾಮ್ ಬರೆಯುವ ಕೈಗೂ ಆ ಹೊಣೆ ಬಂದಿದೆ. ಮಗ ಅಥವಾ ಮಗಳು ಮುಂದೆ ಯಾವ ಕಾರ್ಖಾನೆಯಲ್ಲಿ ದುಡಿದರೂ ಅವರು ಬರೆದ ನಾಲ್ಕು ಸಾಲು ಎಷ್ಟೋ ಯಂತ್ರಗಳಲ್ಲಿ ಕುಳಿತು ಉತ್ತರಿಸುತ್ತಿರುತ್ತವೆ.

ಕಾನೂನಿನ ಮಾತನ್ನೂ ಇಲ್ಲಿಯೇ ಹೇಳಬೇಕು. ಮನೆಯಲ್ಲಿ ಮಾಡಿದ ತೂಕದ ಯಂತ್ರವನ್ನು ಗಿರಾಕಿಗೆ ತೂಗಿಕೊಡಲು ಬಳಸುವಂತಿಲ್ಲ. 2009ರ ಕಾನೂನು ಮಾಪನಶಾಸ್ತ್ರ ಕಾಯಿದೆಯ ಪ್ರಕಾರ ವ್ಯಾಪಾರದ ಯಂತ್ರ ಒಪ್ಪಿಗೆ ಪಡೆದದ್ದಾಗಿರಬೇಕು, ಪರೀಕ್ಷೆಯಾಗಿ ಮುದ್ರೆ ಬಿದ್ದಿರಬೇಕು. ಮುದ್ರೆ ಒಡೆದು ಒಳಗೆ ಬೋರ್ಡು ಸೇರಿಸುವುದಂತೂ ಸರ್ವಥಾ ಕೂಡದು. ಮಕ್ಕಳ ಯಂತ್ರ ಗೋದಾಮಿನ ದಾಸ್ತಾನು ಗಮನಿಸಲಿ, ನೀರಿನ ಟ್ಯಾಂಕಿನ ಮಟ್ಟ ಹೇಳಲಿ, ಹೂವಿನ ತಂಪುಕೋಣೆಯ ಉಷ್ಣತೆ ತಿಳಿಸಲಿ. ಕಲಿಯಲು ಅಷ್ಟು ಬೇಕಾದಷ್ಟಾಯಿತು.

ಹಿರಿಯರು ಕೇಳಬಹುದಾದ ಪ್ರಶ್ನೆಗಳು

ಎಲೆಕ್ಟ್ರಾನಿಕ್ಸ್ ಬಾರದ ಹಿರಿಯರೂ ಮಕ್ಕಳ ಕೆಲಸವನ್ನು ಪರೀಕ್ಷಿಸಬಹುದು. ಮುಂದಿನ ರಜೆಯಲ್ಲಿ ಈ ಐದು ಪ್ರಶ್ನೆಗಳನ್ನು ಕೇಳಿ ನೋಡಿ:

1. ನಿನ್ನ ಬೋರ್ಡು ಕರೆದ ಮೇಲೆ ತೂಗುತ್ತದೆಯೋ, ಮೊದಲೇ ತೂಗಿ ಇಟ್ಟಿರುತ್ತದೆಯೋ?

2. ಅಂಕಿ ತಿದ್ದುವ ನಡುವೆ ಕರೆದರೆ ಏನು ಹೇಳುತ್ತದೆ?

3. ಲೋಡ್ ಸೆಲ್ಲಿನ ತಂತಿ ಕಿತ್ತರೆ ತಿಳಿಸುತ್ತದೆಯೋ, ಹಳೆಯದನ್ನೇ ಹೇಳುತ್ತದೆಯೋ?

4. ಇದು ಕೆಟ್ಟರೆ ತಂತಿಯ ಮೇಲಿರುವ ಉಳಿದವರ ಕೆಲಸವೂ ನಿಲ್ಲುತ್ತದೆಯೇ?

5. ಮುದ್ರೆಯಿರುವ ಒಂದು ಕಿಲೋ ಕಲ್ಲನ್ನು ಇಟ್ಟಾಗ ಎಷ್ಟು ತೋರಿಸುತ್ತದೆ?

ಐದನೆಯದನ್ನು ಮಾತ್ರ ಬಾಯಿಂದ ಕೇಳಿ ಬಿಡಬಾರದು. ಅಂಗಡಿಯಿಂದ ಕಲ್ಲನ್ನು ತರಿಸಿ ತಟ್ಟೆಯ ಮೇಲೆ ಇಟ್ಟೇ ನೋಡಬೇಕು. ಒಂದೇ ಸಲವಲ್ಲ, ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಬಿಸಿಲೇರಿದಾಗ ಒಮ್ಮೆ. ಲೋಡ್ ಸೆಲ್ಲಿನ ಅಂಕಿ ಶಾಖಕ್ಕೂ ಸ್ವಲ್ಪ ಸರಿದಾಡುತ್ತದೆ. ಎರಡೂ ಸಲದ ಅಂಕಿಯನ್ನು ಮಗುವಿನ ಕೈಯಲ್ಲೇ ಒಂದು ಪುಸ್ತಕದಲ್ಲಿ ತಾರೀಖು ಹಾಕಿ ಬರೆಸಿಡಿ. ಬೋರ್ಡು ಕಲಿಸುವಷ್ಟೇ ಪಾಠವನ್ನು ಆ ಪುಸ್ತಕವೂ ಕಲಿಸುತ್ತದೆ.